ನಾಲ್ಕು ಎಕರೆಗೆ ಮೂರು ಥರದ ಜೋಳ ಯಾಕೆ?

ಇಂಡಿ ತಾಲ್ಲೂಕಿನಿಂದ ಬರೆದಿದ್ದೀರಿ. ಇರೋದು ನಾಲ್ಕು ಎಕರೆ ಎರಿ (ಕಪ್ಪು ಮಣ್ಣಿನ) ಹೊಲ, ಅಪ್ಪ ಅದರಲ್ಲೇ ಮಾಲದಂಡಿ, ಒಂದು ಕಡೆ ಸಕ್ಕರೆ ಮುಕ್ಕರಿ, ಒಂದಿಷ್ಟು ಅಳ್ಳಿನ ಜೋಳ, ನಡುವೆ ಕಡಲೆ, ಅಂಚಿಗೆ ಕುಸುಬಿ ಹಾಕುತ್ತಾರೆ, ಒಂದೇ ಹೈಬ್ರಿಡ್ ಬಿತ್ತಿದರೆ ಚೀಲ ಜಾಸ್ತಿ ಬರುತ್ತೆ ಅಲ್ವಾ, ಇದು ಹಳೇ ಹಟ ತಾನೆ ಅಂತ ಕೇಳಿದ್ದೀರಿ.

ಹಟ ಅಲ್ಲ. ಲೆಕ್ಕ ಹಾಕಿಯೇ ಬಿತ್ತುತ್ತಿದ್ದಾರೆ.

ನೀರು, ಗೊಬ್ಬರ ಎರಡೂ ಸಿಕ್ಕರೆ ಹೈಬ್ರಿಡ್ ಕಾಳು ಹೆಚ್ಚು ಕೊಡುತ್ತೆ, ನಿಜ. ನಿಮ್ಮದು ಹಿಂಗಾರಿ ಹೊಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದ ಮೇಲೆ ಮಣ್ಣಿನಲ್ಲಿ ಉಳಿದ ಹಸಿಯ ಮೇಲೇ ಬೆಳೆ ನಿಲ್ಲಬೇಕು. ಡೋಣಿ ಹರಿದರೆ ಓಣೆಲ್ಲ ಜೋಳ ಅಂತೀವಿ, ಡೋಣಿ ಹೊಳೆ ಎಲ್ಲಾ ವರ್ಷ ಹರಿಯುತ್ತಾ? ಹರಿಯದ ವರ್ಷವೂ ಎತ್ತು, ಎಮ್ಮೆ ತಿನ್ನಲೇಬೇಕು. ಮಾಲದಂಡಿ ಕಾಳು ಕಡಿಮೆಯಾದರೂ ಕಣಿಕೆ, ಅಂದರೆ ದನಕ್ಕೆ ಹಾಕೋ ಒಣ ದಂಟು, ಕೊಡುತ್ತೆ. ಕುಸುಬಿ ಬೇರು ಆಳಕ್ಕೆ ಇಳಿದು ಹಸಿ ಹುಡುಕುತ್ತೆ, ಅದರ ಮುಳ್ಳಿಗೆ ದನವೂ ಒಳಗೆ ಬರಲ್ಲ. ಸಕ್ಕರೆ ಮುಕ್ಕರಿ ಇಲ್ಲದಿದ್ದರೆ ಸೀತನಿ (ಸುಟ್ಟ ಎಳೆ ತೆನೆಯ ಕಾಳು) ಇಲ್ಲ, ಅಳ್ಳಿನ ಜೋಳ ಇಲ್ಲದಿದ್ದರೆ ನಾಗರ ಪಂಚಮಿಗೆ ಅಂಗಡಿಯಿಂದ ಅಳ್ಳು (ಹುರಿದು ಅರಳಿಸಿದ ಜೋಳ) ತರಬೇಕು. ಒಂದೇ ತಳಿ ಬಿತ್ತಿ, ಎಳೆ ಸಸಿಯ ಸುಳಿ ತಿನ್ನೋ ಸುಳಿ ನೊಣ ಬಿದ್ದರೆ ಹೊಲಕ್ಕೆ ಹೊಲವೇ ಹೋಗಬಹುದು, ಸಣ್ಣ ರೈತರಿಗೆ ಅಷ್ಟು ತಾಳಿಕೊಳ್ಳೋ ಶಕ್ತಿ ಎಲ್ಲಿದೆ?

ಇನ್ನೊಂದು ಮಾತು. ಮಾಲದಂಡಿಯ ಎಂ 35-1 ಅನ್ನೋ ಆಯ್ದ ತಳಿ ಮಹಾರಾಷ್ಟ್ರದ ಮೊಹೋಳ ಸಂಶೋಧನಾ ಕೇಂದ್ರದಿಂದ 1930ರ ದಶಕದಲ್ಲಿ ಬಂತು. ಅದನ್ನು ಆರಿಸಿದ್ದು ರೈತರು ಬೆಳೆಯುತ್ತಿದ್ದ ಊರ ಮಾಲದಂಡಿಯಿಂದಲೇ. ಹೊಲದಲ್ಲಿ ಆ ಜೋಳ ಉಳಿಯದೇ ಹೋಗಿದ್ದರೆ ಆರಿಸೋಕೆ ಏನಿರುತ್ತಿತ್ತು?

ನಮ್ಮ ಅವ್ವ ಬಾಗಲಕೋಟೆ ಕಡೆಯವಳು. ಕೊಯ್ಲಿಗೆ ಮೊದಲೇ ನಿಂತ ಬೆಳೆಯಲ್ಲಿ ಓಡಾಡಿ, ತುಂಬಿದ ತೆನೆ ಕಂಡಲ್ಲಿ ದಂಟಿಗೆ ಹಳೇ ಸೀರೆ ಅಂಚಿನ ಚೂರು ಕಟ್ಟುತ್ತಿದ್ದಳು. ಒಂದು ಕಾಳು ಹಲ್ಲಿಗೆ ಇಟ್ಟು ಕಟ್ ಅನ್ನಿಸಿ ನೋಡುತ್ತಿದ್ದಳು, ಮೆತ್ತಗಿದ್ದರೆ ಚೂರು ಬಿಚ್ಚಿ ಮುಂದೆ ಹೋಗುತ್ತಿದ್ದಳು. ಆ ತೆನೆಗಳು ರಾಶಿಗೆ ಸೇರುತ್ತಿರಲಿಲ್ಲ. ಬೇರೆ ಒಣಗಿಸಿ, ಬಡಿದು, ಬೂದಿ ಕಲಸಿ, ಬೇವಿನ ಎಲೆ ಹಾಕಿ ಗಡಿಗೆಯಲ್ಲಿ ಮುಚ್ಚಿಡುತ್ತಿದ್ದಳು. ನಾನು ಅದನ್ನು ಕಲಿಯಲಿಲ್ಲ. ಅವ್ವ ಹೋದ ಮೇಲೆ ಎರಡೇ ವರ್ಷದಲ್ಲಿ ಅಳ್ಳಿನ ಜೋಳ ನಮ್ಮ ಮನೆಯಿಂದ ತಪ್ಪಿಹೋಯಿತು. ಇವತ್ತಿಗೂ ಸಂಕಟ ಆಗುತ್ತೆ.

ಮನೆ ಬೀಜ ಬೇರೆಯವರಿಗೆ ಕೊಟ್ಟರೆ ತಪ್ಪಾಗುತ್ತಾ ಅಂತಲೂ ಕೇಳಿದ್ದೀರಿ. ಆಗಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತರು ತಮ್ಮ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಒಂದೇ ಕಟ್ಟು: ರಕ್ಷಿತ ತಳಿಯ (ಈ ಕಾಯ್ದೆಯಡಿ ನೋಂದಾಯಿಸಿದ ತಳಿಯ) ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ.

ಹೈಬ್ರಿಡ್ ನೋಡಲೇಬೇಕು ಅನ್ನಿಸಿದರೆ ಅರ್ಧ ಎಕರೆ ಬಿತ್ತಿ, ಕಾಳಿನ ಜೊತೆ ಕಣಿಕೆಯನ್ನೂ ತೂಗಿ ನೋಡಿ. ಈ ಸಲ ತೆನೆ ಆರಿಸುವಾಗ ಅಪ್ಪ, ಅವ್ವನ ಜೊತೆ ಹೊಲಕ್ಕೆ ಹೋಗಿ. ಅಳ್ಳಿನ ಜೋಳ ಒಂದು ಹಿಡಿ ಹೆಚ್ಚಿಗೆ ಉಳಿದರೆ ಪತ್ರಿಕೆಯ ವಿಳಾಸಕ್ಕೆ ಕಳಿಸಿಕೊಡಿ, ಬರುವ ಹಿಂಗಾರಿಗೆ ನಮ್ಮ ಹೊಲದಲ್ಲಿ ಬಿತ್ತುತ್ತೇನೆ.

— ಸಂಪಾದಕ