ಕೊರಿಯಾ ಅರ್ಥವಾಗಬೇಕಾದರೆ ‘ಉರಿ’ಯಿಂದ ಶುರು ಮಾಡಿ

ಕೊರಿಯನ್ ಡ್ರಾಮಾ ತುಂಬಾ ನೋಡಿದ್ದೀನಿ, ಆದರೆ ಆ ಜನ, ಆ ದೇಶ ಅರ್ಥವಾಗಬೇಕಾದರೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಕೆಲಸದ ಮೇಲೆ ಎರಡು ವರ್ಷ ನಾನು ದಕ್ಷಿಣ ಕೊರಿಯಾದ ಸುವೊನ್ ನಗರದಲ್ಲಿದ್ದೆ. ನನ್ನ ಕೇಳಿದರೆ ಒಂದು ಪದದಿಂದ ಶುರು ಮಾಡಿ: ‘ಉರಿ’. ನಮಗೆ ಉರಿ ಅಂದರೆ ಬೆಂಕಿ. ಅವರಿಗೆ ‘ನಮ್ಮ’.

ಒಬ್ಬನೇ ಮಗನಾದರೂ ಅವನು ‘ಉರಿ ಒಮ್ಮಾ’ ಅಂತಾನೆ, ನಮ್ಮಮ್ಮ. ಮನೆ ‘ಉರಿ ಜಿಪ್’. ದೇಶ ‘ಉರಿ ನಾರಾ’. ನಾವೂ ನಮ್ಮಮ್ಮ, ನಮ್ಮನೆ ಅಂತಲೇ ಅನ್ನೋದು ಅಲ್ವಾ? ಅದಕ್ಕೇ ಕನ್ನಡದವರಿಗೆ ಈ ಬಾಗಿಲು ಬೇಗ ತೆರೆಯುತ್ತದೆ.

ಪರಿಚಯವಾದ ಕೂಡಲೇ ವಯಸ್ಸು ಕೇಳುತ್ತಾರೆ. ಮೊದಮೊದಲು ನನಗೆ ಮುಜುಗರವಾಗುತ್ತಿತ್ತು. ಆದರೆ ವಯಸ್ಸು ತಿಳಿಯದೆ ಹೇಗೆ ಮಾತಾಡಿಸಬೇಕು ಅನ್ನೋದೇ ಅವರಿಗೆ ಗೊತ್ತಾಗುವುದಿಲ್ಲ. ನಮ್ಮ ‘ಬಾ’, ‘ಬನ್ನಿ’ ಇದ್ದ ಹಾಗೆ ಅಲ್ಲೂ ಕ್ರಿಯಾಪದದ ಕೊನೆ ಬದಲಾಗುತ್ತದೆ. ಅಕ್ಕನನ್ನು ತಂಗಿ ‘ಒನ್ನಿ’ ಅಂದರೆ ತಮ್ಮ ‘ನೂನಾ’ ಅಂತಾನೆ. ಹೋಟೆಲಿನಲ್ಲಿ ಊಟ ಬಡಿಸುವವರನ್ನು ಎಷ್ಟೋ ಜನ ‘ಇಮೊ’ ಅಂತ ಕರೀತಾರೆ. ಅಮ್ಮನ ಅಕ್ಕನೋ ತಂಗಿಯೋ ಆದವಳು ಇಮೊ.

ನಮ್ಮ ಮನೆ ಓನರ್ ಆಂಟಿ ಒಂದು ನವೆಂಬರಿನಲ್ಲಿ ಕಿಮ್‌ಜಾಂಗ್‌ಗೆ ಕರೆದರು. ಚಳಿಗಾಲಕ್ಕೆ ಆಗುವಷ್ಟು ಕಿಮ್ಚಿ, ಅಂದರೆ ಅವರ ತರಕಾರಿ ಉಪ್ಪಿನಕಾಯಿ, ಒಟ್ಟಿಗೇ ಹಾಕಿಡುವ ಕೆಲಸ ಅದು. ನಮ್ಮಲ್ಲಿ ಬೇಸಿಗೆ ಬಂದರೆ ಹಪ್ಪಳ, ಉಪ್ಪಿನಕಾಯಿಗೆ ಹೆಂಗಸರೆಲ್ಲ ಸೇರುತ್ತಿದ್ದರಲ್ಲ, ಹಾಗೇ. ಹಿಂದಿನ ರಾತ್ರಿಯೇ ಉಪ್ಪುನೀರಿನಲ್ಲಿ ನೆನೆದ ಎಲೆಕೋಸು, ದೊಡ್ಡ ಬೋಗುಣಿ ತುಂಬ ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ, ತುರಿದ ಮೂಲಂಗಿ, ಉಪ್ಪು ಹಾಕಿಟ್ಟ ಸೀಗಡಿ. ಎಲೆ ಎಲೆ ಬಿಡಿಸಿ ಒಳಗೆಲ್ಲ ಮಸಾಲೆ ಸವರಬೇಕು. ಮಧ್ಯದಲ್ಲಿ ಆಂಟಿ ಎಳೆ ಎಲೆಯೊಂದನ್ನು ಹರಿದು, ಮಸಾಲೆ ಸುತ್ತಿ ನನ್ನ ಬಾಯಿಗೇ ಇಟ್ಟರು. ಥೇಟ್ ಕೈತುತ್ತು. ಸಂಜೆ ನನಗೂ ಒಂದು ಡಬ್ಬಿ ಸಿಕ್ಕಿತು. ಈ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದೇ ‘ನಮ್ಮ’ ದೇಶದ ಮಟ್ಟದಲ್ಲಿ ಹೇಗಿರುತ್ತೆ ಅಂತ ನೋಡಬೇಕಾದರೆ 1998ನ್ನು ನೋಡಿ. 1997ರ ಕೊನೆಗೆ ವಿದೇಶಿ ವಿನಿಮಯ ಖಾಲಿಯಾಗಿ ದೇಶ ಸಾಲಕ್ಕಾಗಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮುಂದೆ ನಿಲ್ಲಬೇಕಾಯಿತು. ಆಗ ದೇಶದ ಸಾಲ ತೀರಲಿ ಅಂತ ಜನ ಸಾಲುಗಟ್ಟಿ ತಮ್ಮ ಚಿನ್ನ ಕೊಟ್ಟರು. ಮದುವೆ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬಂದ ಪುಟ್ಟ ಉಂಗುರ ಕೂಡ. ಸುಮಾರು 35 ಲಕ್ಷ ಜನರಿಂದ 227 ಟನ್ ಸೇರಿತು. ಅದಕ್ಕೆ ಬದಲಾಗಿ ಅವರಿಗೆ ಹಣ ಸಿಕ್ಕಿತು ನಿಜ. ಆದರೂ ಮಗುವಿನ ಉಂಗುರ ಕೊಡೋದು ಸುಮ್ನೆ ಮಾತಲ್ಲ.

‘ಉರಿ ನಾರಾ’ ಇವತ್ತಿಗೂ ಉತ್ತರ, ದಕ್ಷಿಣ ಅಂತ ಎರಡು ತುಂಡು. ಇಬ್ಬರ ನಡುವೆ 1950ರಲ್ಲಿ ಶುರುವಾದ ಯುದ್ಧ 1953ರಲ್ಲಿ ನಿಂತಿತು, ಶಾಂತಿ ಒಪ್ಪಂದ ಮಾತ್ರ ಆಗಲಿಲ್ಲ. ಆಗ ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳ ವಿಚಾರ ನೋಡಿಕೊಂಡ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯ. ಯುದ್ಧದಲ್ಲಿ ಕಳೆದುಹೋದವರನ್ನು ಹುಡುಕಲು 1983ರಲ್ಲಿ ಕೆಬಿಎಸ್ ಟಿವಿ ಒಂದು ನೇರ ಪ್ರಸಾರ ಶುರು ಮಾಡಿತು. ಒಂದೂವರೆ ಗಂಟೆ ಅಂದುಕೊಂಡಿದ್ದು 138 ದಿನ ನಡೆಯಿತು. ಹತ್ತು ಸಾವಿರಕ್ಕೂ ಜಾಸ್ತಿ ಕುಟುಂಬಗಳಿಗೆ ತಮ್ಮವರು ಸಿಕ್ಕರು. ಆ ತುಣುಕುಗಳನ್ನು ಹುಡುಕಿ ನೋಡಿ. ಭಾಷೆ ಬರಬೇಕಿಲ್ಲ.

ಜೊತೆಗೆ ಲಿಪಿ ಕಲಿಯಿರಿ. ಸೆಜೊಂಗ್ ದೊರೆ ಓದುಬರಹ ಬಾರದ ಜನರಿಗಾಗಿಯೇ ಹಂಗುಲ್ ಮಾಡಿಸಿ 1446ರಲ್ಲಿ ಹೊರತಂದ. ಈಗ ಮೂಲ ಅಕ್ಷರ 24. ‘ಮ’ ಅಕ್ಷರ ಒಂದು ಚೌಕ, ಅದು ಬಾಯಿಯ ಆಕಾರ. ಗುಣಿತ, ಒತ್ತಕ್ಷರ ಬರೆದು ಬೆಳೆದ ನಮಗೆ ಒಂದು ವಾರ ಸಾಕು.