ಸಿಂಡ್ರೆಲಾಳ ರಥ ಹೊರಗೆ ಇಣುಕುತ್ತಿದ್ದರೆ

ಟೀಚರ್, ಪುಟ ತೆರೆದರೆ ಕಾಗದದ ಚಿತ್ರ ಎದ್ದು ನಿಲ್ಲುವ ಸಿಂಡ್ರೆಲಾ ಪಾಪ್-ಅಪ್ ಪುಸ್ತಕ ಮಾಡುತ್ತಿದ್ದೀರಿ, ಅದನ್ನು ಮುಚ್ಚಿದಾಗ ಕುಂಬಳಕಾಯಿ ರಥದ ಮೂತಿ ಹೊರಗೆ ಚಾಚುತ್ತದೆ, ನಾಲ್ಕು ಸಲ ತೆರೆದರೆ ಮಡಿಕೆ ಹರಿಯುತ್ತದೆ ಎಂದು ಕೇಳಿದ್ದೀರಿ.

ಮೊದಲು ಅಳತೆ. ಪುಟವನ್ನು 90 ಡಿಗ್ರಿ ತೆರೆದಾಗ ರಥ ನಡುಮಡಿಕೆಯಿಂದ 6 ಸೆಂ.ಮೀ. ಮುಂದೆ ಬಂದು 8 ಸೆಂ.ಮೀ. ಎತ್ತರ ನಿಂತರೆ, ಮುಚ್ಚಿದಾಗ 14 ಸೆಂ.ಮೀ. ವರೆಗೆ ಮಲಗುತ್ತದೆ. ಪುಟ ಅದಕ್ಕಿಂತ ಅಗಲವಿರಲೇಬೇಕು.

ಹರಿಯುವುದಕ್ಕೆ ಕಾರಣ ಹೆಚ್ಚಾಗಿ ಕಾಗದದ ಎಳೆ, ಅಂದರೆ ಅದರ ನಾರುಗಳು ಸಾಲಾಗಿ ಮಲಗಿರುವ ದಿಕ್ಕು. ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ. ಸಲೀಸಾಗಿ ಬಾಗುವ ದಿಕ್ಕಿನಲ್ಲೇ ಮಡಿಕೆ ಬರಲಿ. ಮಡಚುವ ಮುನ್ನ ಮಸಿ ತೀರಿದ ಬಾಲ್‌ಪೆನ್ನಿನಿಂದ ಗೆರೆ ಒತ್ತಿ. ನಾನು ಹಳೆಯ ಲಗ್ನಪತ್ರಿಕೆಗಳನ್ನೇ ಕತ್ತರಿಸುತ್ತೇನೆ, ಆ ದಪ್ಪ ಸಾಕು.

ರಥ ತೀರಾ ಕಾಡಿದರೆ ಬಿಟ್ಟೇಬಿಡಿ. ಅದು 1697ರಲ್ಲಿ ಪ್ರಕಟವಾದ ಷಾರ್ಲ್ ಪೆರೋನ ಫ್ರೆಂಚ್ ಕಥೆಯದು. ಗ್ರಿಮ್ ಸಹೋದರರ ಕಥೆಯಲ್ಲಿ ಕುಂಬಳಕಾಯಿ ರಥವೇ ಇಲ್ಲ, ತಾಯಿಯ ಸಮಾಧಿಯ ಮೇಲೆ ಬೆಳೆದ ಮರ ಮತ್ತು ಹಕ್ಕಿಗಳಿವೆ. ಮರ ನಿಲ್ಲಿಸುವುದು ಎಷ್ಟೋ ಸುಲಭ.

ಇಲ್ಲಿ ವಿಜಯಪುರದಲ್ಲಿ ನನ್ನ ಮಗಳು ರಾಜಕುಮಾರನ ಅರಮನೆಗೆ ಗೋಳಗುಮ್ಮಟವೇ ಬೇಕೆಂದು ಹಟ ಹಿಡಿದಳು. ನಾಲ್ಕು ಮಿನಾರುಗಳಿಗೂ ಏಳೇಳು ಅಂತಸ್ತು ಬರೆದಳು. ಎದ್ದು ನಿಂತದ್ದು ಎರಡೇ.