ಹಳೇ ಕೋರ್ಟ್ ಕಟ್ಟಡದಲ್ಲಿ ಡಿಜಿಟಲ್ ಗ್ರಂಥಾಲಯ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಮಲೆನಾಡಿನ ತಾಲ್ಲೂಕು ಕೇಂದ್ರ. ಇಲ್ಲಿ ಮಹಾರಾಜರ ಕಾಲದ ಎರಡಂತಸ್ತಿನ ಮುನ್ಸಿಫ್ ಕೋರ್ಟ್ ಕಟ್ಟಡವಿದೆ. ಕೋರ್ಟ್ ಹೊಸ ಜಾಗಕ್ಕೆ ಹೋದ ಮೇಲೆ ಅದಕ್ಕೆ ಬೀಗ ಬಿದ್ದಿದೆ. ಈಗ ಅದನ್ನು ಡಿಜಿಟಲ್ ಗ್ರಂಥಾಲಯ ಮಾಡಲು ಎಲ್ಲರೂ ಒಪ್ಪಿದ್ದಾರೆ. ಗುತ್ತಿಗೆದಾರರು ಸಿಮೆಂಟ್ ಗಿಲಾವು, ಟೈಲ್ಸ್, ಫಾಲ್ಸ್ ಸೀಲಿಂಗ್, ಎಸಿ ಅಂತ ಪಟ್ಟಿ ಕೊಟ್ಟಿದ್ದಾರೆ. ಪುಸ್ತಕ ಇಡುವ ಅಗತ್ಯವಿಲ್ಲ, ಎಲ್ಲ ಕಂಪ್ಯೂಟರಿನಲ್ಲೇ ಸಿಗುತ್ತದೆ ಅನ್ನುತ್ತಾರೆ ಕೆಲವರು. ಸಮಿತಿಯಲ್ಲಿ ನಾನೂ ಇದ್ದೇನೆ. ಏನು ಮಾಡಲಿ?
– ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಆ ಪಟ್ಟಿಗೆ ದಯವಿಟ್ಟು ಈಗಲೇ ಸಹಿ ಹಾಕಬೇಡಿ. ಕಂಪ್ಯೂಟರುಗಳನ್ನು ಐದಾರು ವರ್ಷಕ್ಕೆ ಬದಲಾಯಿಸಲೇಬೇಕು. ಗೋಡೆ ಇನ್ನೂ ನೂರು ವರ್ಷ ಬಾಳಬಹುದು. ಹಾಗಾಗಿ ಒಳಗೆ ಏನೇ ಕೂರಿಸಿದರೂ, ನಾಳೆ ಗೋಡೆಗೆ ಗಾಯವಾಗದ ಹಾಗೆ ಕಳಚಲು ಬರಬೇಕು. ಗ್ರಂಥಾಲಯಗಳಲ್ಲೇ ಬದುಕು ಕಳೆದ ನಾನು ಎಲ್ಲರಿಗೂ ಹೇಳುವುದು ಇದನ್ನೇ.

ಗೋಡೆಯಿಂದ ಶುರು ಮಾಡೋಣ. ಆ ಕಾಲದ ಗೋಡೆ ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಅದು ಮಳೆಗಾಲದಲ್ಲಿ ತೇವ ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ನಿಲ್ಲುತ್ತದೆ. ಉಪ್ಪು ಹೊರಬಂದು ಗಿಲಾವು ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ನಿಮ್ಮ ಕಡೆಯ ಮಳೆಗಂತೂ ಕೆಲವೇ ವರ್ಷ ಸಾಕು. ಸುಣ್ಣದ ಗಾರೆಯಲ್ಲೇ ರಿಪೇರಿ ಮಾಡಿಸಿ, ಸುಣ್ಣವನ್ನೇ ಹೊಡೆಸಿ. ಸುಣ್ಣದ ಕೆಲಸ ಗೊತ್ತಿರುವ ಹಿರಿಯ ಗಾರೆಯವರು ಸುತ್ತಮುತ್ತ ಯಾರಾದರೂ ಇದ್ದರೆ, ಗುತ್ತಿಗೆದಾರರಿಗಿಂತ ಮೊದಲು ಅವರನ್ನು ಕರೆಸಿ.

ಫಾಲ್ಸ್ ಸೀಲಿಂಗ್ ಖಂಡಿತ ಬೇಡ. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಅದರ ಮರೆಯಲ್ಲಿ ಗೆದ್ದಲು ತೊಲೆಯನ್ನೇ ತಿಂದುಹಾಕಿತ್ತು. ಹಲಗೆ ಜೋತುಬೀಳುವವರೆಗೂ ಯಾರಿಗೂ ಗೊತ್ತಾಗಲಿಲ್ಲ. ಮರದ ತೊಲೆ ಕಣ್ಣಿಗೆ ಕಾಣುತ್ತಿರಬೇಕು. ಹಳೇ ನೆಲವೂ ಹಾಗೇ ಇರಲಿ, ತೊಳೆದರೆ ಸಾಕು.

ಈಗ ಜಾಸ್ತಿ ಯೋಚಿಸಬೇಕಾದ ವಿಷಯ, ಭಾರ. ಪುಸ್ತಕದ ಕಪಾಟು ತುಂಬಿದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 600 ಕಿಲೋ ತಡೆಯಬೇಕು ಅನ್ನುತ್ತದೆ ನಮ್ಮ ದೇಶದ ಕಟ್ಟಡ ಮಾನದಂಡ. ವಾಸದ ಮನೆಗೆ ಇದು 200 ಕಿಲೋ ಅಷ್ಟೇ. ನಿಮ್ಮ ಮಹಡಿಯ ನೆಲ ನಿಂತಿರುವುದು ಮರದ ತೊಲೆಗಳ ಮೇಲಾದರೆ, ಅಲ್ಲಿಗೆ ಕಪಾಟು ಹತ್ತಿಸಲೇಬಾರದು. ಪುಸ್ತಕ ಕೆಳಗೆ, ಕಂಪ್ಯೂಟರ್ ಮೇಜು ಮೇಲೆ. ಮೆಟ್ಟಿಲು ಹತ್ತಲಾಗದವರಿಗೆ ಒಂದೆರಡು ಕಂಪ್ಯೂಟರ್ ಕೆಳಗೂ ಇರಲಿ. ಏನೇ ಆದರೂ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ತೊಲೆಗಳನ್ನು ತಟ್ಟಿ, ಚುಚ್ಚಿ ನೋಡಲಿ.

ವೈರಿಂಗಿಗೆ ಗೋಡೆ ಕೊರೆಸಬೇಡಿ, ಮೇಲಿಂದಲೇ ಪೈಪಿನಲ್ಲಿ ಎಳೆಸಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ನಿಮಗೆ ಹೊಸದಲ್ಲ. ಮೋಡೆಮ್ಮು, ಸ್ವಿಚ್ಚು ಒಂದೇ ಸಂಜೆಯಲ್ಲಿ ಸುಟ್ಟುಹೋಗುತ್ತವೆ. ಮಿಂಚುವಾಹಕ, ಸರಿಯಾದ ಅರ್ಥಿಂಗ್, ಯುಪಿಎಸ್ ಇಲ್ಲದೆ ಒಂದು ಕಂಪ್ಯೂಟರನ್ನೂ ತರಬೇಡಿ. ದಪ್ಪ ಗೋಡೆ, ಎತ್ತರದ ಕಿಟಕಿ ಇರುವ ಕಡೆ ಎಸಿ ಯಾಕೆ? ಆ ದುಡ್ಡಿನಲ್ಲಿ ಒಳ್ಳೇ ಶೌಚಾಲಯ ಕಟ್ಟಿಸಿ. ಹೆಣ್ಣುಮಕ್ಕಳು ಸಂಜೆಯವರೆಗೂ ಕೂತು ಓದುವುದು ಅದರ ಮೇಲೆ ನಿಂತಿದೆ.

ಪುಸ್ತಕ ಬೇಡ ಅನ್ನುವವರಿಗೆ ನನ್ನದೊಂದು ಪ್ರಶ್ನೆ. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಿಂದಲೇ ಇದೆ, ಮನೆಯಲ್ಲಿ ಫೋನಿನಲ್ಲೇ ತೆರೆದುಕೊಳ್ಳುತ್ತದೆ. ಹಾಗಿದ್ದ ಮೇಲೆ ಜನ ನಿಮ್ಮ ಕಟ್ಟಡಕ್ಕೆ ಯಾಕೆ ಬರಬೇಕು? ಮನೆಯಲ್ಲಿ ಸದ್ದಿಲ್ಲದ ಮೂಲೆ ಸಿಗದ ಮಕ್ಕಳು ಬರುತ್ತಾರೆ. ಪರೀಕ್ಷೆಗೆ ಕೂತವರು, ಪೇಪರ್ ಓದುವ ಹಿರಿಯರು, ಅರ್ಜಿ ತುಂಬಲು ಗೊತ್ತಾಗದವರು ಬರುತ್ತಾರೆ. ಇವರಿಗೆ ಬೇಕಾಗಿರುವುದು ಮೇಜು, ಬೆಳಕು, ಕೈಹಿಡಿದು ಹೇಳಿಕೊಡುವ ಒಬ್ಬ ಗ್ರಂಥಪಾಲಕ. ಬೆಂಗಳೂರಿನ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಹಾಲ್ ಒಮ್ಮೆ ನೋಡಿ ಬನ್ನಿ. 1915ರ ಕಟ್ಟಡ. ಒಬ್ಬ ದಿವಾನರ ನೆನಪಿಗೆ ಎದ್ದ ಆ ಕೆಂಪು ಕಟ್ಟಡದಲ್ಲಿ ಇವತ್ತೂ ಜನ ಕೂತು ಓದುತ್ತಾರೆ.

ದುಡ್ಡಿನ ಬಗ್ಗೆ ಒಂದು ಮಾತು. ನಿಮ್ಮ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. 1965ರ ಗ್ರಂಥಾಲಯ ಕಾಯ್ದೆಯಂತೆ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟಿರುತ್ತೀರಿ. ಅದು ನಿಮ್ಮದೇ ಹಣ, ಸಂಕೋಚವಿಲ್ಲದೆ ಕೇಳಿ. ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವೂ ಸಾರ್ವಜನಿಕ ಗ್ರಂಥಾಲಯಗಳಿಗೆ ನೆರವು ಕೊಡುತ್ತದೆ.

ಪ್ರಶ್ನೆ: ಒಂದು ಸ್ಕ್ಯಾನರ್ ಕೊಳ್ಳುವ ಯೋಚನೆಯೂ ಇದೆ. ಯಾವುದನ್ನು ಸ್ಕ್ಯಾನ್ ಮಾಡಬೇಕು?
– ಅದೇ ಓದುಗರು

ಉತ್ತರ: ಬೇರೆ ಎಲ್ಲೂ ಸಿಗದಿರುವುದನ್ನು. ಪೇಟೆಯಲ್ಲಿ ಸಿಗುವ ಕಾದಂಬರಿ ಬೇಡ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಅನುಮತಿ ಇಲ್ಲದೆ ಹಾಕುವಂತಿಲ್ಲ. ನಿಮ್ಮೂರಿನ ಶಾಲೆಯ ಸ್ಮರಣ ಸಂಚಿಕೆ, ಯಕ್ಷಗಾನ ಮೇಳದ ಕರಪತ್ರ, ಮನೆಮನೆಯ ಕೈಬರಹದ ಪ್ರಸಂಗ, ಅಡಿಕೆ ಮಂಡಿಯ ಹಳೇ ಲೆಕ್ಕದ ಪುಸ್ತಕ, ಇವನ್ನು ಮನೆಯವರ ಒಪ್ಪಿಗೆ ಪಡೆದು ಮಾಡಿ. ಹೊಲಿದ ಪುಸ್ತಕವನ್ನು ಗಾಜಿನ ಮೇಲೆ ಒತ್ತಬೇಡಿ, ಬೆನ್ನು ಮುರಿಯುತ್ತದೆ. ಮೇಲಿಂದ ಫೋಟೊ ತೆಗೆಯುವ ಸ್ಕ್ಯಾನರ್ ಕೊಳ್ಳಿ. ಕೋರ್ಟಿನ ಕಡತಗಳೇನಾದರೂ ಒಳಗೆ ಉಳಿದಿದ್ದರೆ ಮಾತ್ರ ಅವನ್ನು ಮುಟ್ಟಬೇಡಿ, ರದ್ದಿಗೂ ಹಾಕಬೇಡಿ. ಮೊದಲು ಜಿಲ್ಲಾ ನ್ಯಾಯಾಲಯಕ್ಕೆ ಒಂದು ಪತ್ರ ಬರೆಯಿರಿ.